ಶನಿವಾರ ಮದ್ದು ಇಲ್ಲ, ಮ್ಯಾಚ್ ಉಂಟು

ಮೊದಲು ತೋಟದ ವಿಷಯ. ಮೇ 28ಕ್ಕೆ ಮೊದಲ ಮದ್ದು ಬಿಡಿಸಿದ್ದೆ. ವಿಟ್ಲದ ಸಿಪಿಸಿಆರ್‌ಐಯವರು ಹೇಳುವ 40-45 ದಿನದ ಲೆಕ್ಕ ಹಿಡಿದರೆ ಎರಡನೇ ಮದ್ದು ಜುಲೈ 12ರ ಒಳಗೆ ಆಗಬೇಕಿತ್ತು. ಆಗಲಿಲ್ಲ. ಜುಲೈ ಹೇಗಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಮೋಡ ಸ್ವಲ್ಪ ಬಿಟ್ಟಿತು ಅಂತ ಮೈಲುತುತ್ತು ನೆನೆ ಹಾಕುವಷ್ಟರಲ್ಲಿ ಗುಡ್ಡದ ಆಚೆಯಿಂದ ಮಳೆಯ ಸದ್ದು. ನೆನೆ ಹಾಕಿದ್ದು ಎರಡು ಸಲ ದಂಡ.

ಈಗ ತೋಡಿನ ಬದಿಯ ಕೆಳಗಿನ ತೋಟದಲ್ಲಿ ಕೊಳೆ ಸುರುವಾಗಿದೆ. ನಿನ್ನೆ ಹೆಕ್ಕಿದ ಎಳೆ ಅಡಿಕೆಯಲ್ಲಿ ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪು ಹಸಿರು ಕಲೆ, ಕೆಲವಕ್ಕೆ ಬಿಳಿ ಬೂಷ್ಟು. ಎರಡು ಬುಟ್ಟಿ ಆಯಿತು. ಹೆಕ್ಕಿ ತೋಟದ ಹೊರಗೆ ಹಾಕಿದೆ. ನೀವೂ ಬಿದ್ದದ್ದನ್ನು ಬುಡದಲ್ಲೇ ಬಿಡಬೇಡಿ, ಅದರಿಂದಲೇ ಹರಡುವುದು.

ಹೀಗಿರುವಾಗ ನಾನು ಈ ಶನಿವಾರ ಮಂಗಳೂರಿಗೆ ಫುಟ್‌ಬಾಲ್ ನೋಡ್ಲಿಕ್ಕೆ ಹೋಗುವುದು ಅಂತ ನಿಶ್ಚಯ ಮಾಡಿದ್ದೇನೆ. ನಗಬೇಡಿ. ಪೂರ್ತಿ ಓದಿ, ಕೊನೆಗೆ ನಿಮ್ಮ ಹತ್ತಿರ ಒಂದು ಕೇಳ್ಲಿಕ್ಕುಂಟು.

ನಮ್ಮ ಮೇಲಿನ ತೋಟದ ಮರಗಳು ಅಜ್ಜನ ಕಾಲದವು. ಕಾರ್ಬನ್ ಫೈಬರ್ ದೋಟಿ ತಂದು ನೋಡಿದೆ, ಅಷ್ಟು ಎತ್ತರಕ್ಕೆ ನನ್ನ ಕೈಯಲ್ಲಿ ಹಿಡಿತ ಸಿಗುವುದಿಲ್ಲ. ಹಾಗಾಗಿ ಇವತ್ತಿಗೂ ಮರ ಹತ್ತಿಯೇ ಮದ್ದು ಬಿಡಬೇಕು. ಬಿಡುವವ ಯಾರು ಅಂತ ಈ ಕಡೆಯವರಿಗೆಲ್ಲ ಗೊತ್ತು. ಹೆಸರು ಬರೆಯುವುದಿಲ್ಲ, ಅವನಿಗೆ ಅದು ಇಷ್ಟ ಇಲ್ಲ. ನಿಮ್ಮಲ್ಲಿ ಹತ್ತು ಹನ್ನೆರಡು ಮನೆಯವರ ತೋಟಕ್ಕೂ ಅವನೇ. ಒಂದು ಮರ ಹತ್ತಿದರೆ ಬಾಗಿಸಿ ಪಕ್ಕದ ಮರ ಹಿಡಿದು, ಇಳಿಯದೆ ಸಾಲು ಮುಗಿಸುತ್ತಾನೆ. ಮಳೆ ಇಲ್ಲದ ದಿನ 200 ಲೀಟರಿನ ನಾಲ್ಕು ಬ್ಯಾರೆಲ್ ಖಾಲಿ ಮಾಡ್ತಾನೆ. ಆಗಸ್ಟ್ ತಿಂಗಳಲ್ಲಿ ಅವನ ಒಂದು ಒಣ ದಿನಕ್ಕೆ ನಾವೆಲ್ಲ ಎಷ್ಟು ಪೈಪೋಟಿ ಮಾಡ್ತೇವೆ ಅಂತ ನಮಗೇ ಗೊತ್ತು.

ಅವನ ಮಗ ಹೈಸ್ಕೂಲು. ಮಂಗಳೂರಲ್ಲಿ ಹಾಸ್ಟೆಲಿನಲ್ಲಿದ್ದು ಓದ್ತಾನೆ, ಶಾಲೆಯ ತಂಡದ ಗೋಲ್‌ಕೀಪರ್. ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ನೆಹರೂ ಮೈದಾನಿನಲ್ಲಿ ಜಿಲ್ಲಾ ಫುಟ್‌ಬಾಲ್ ಅಸೋಸಿಯೇಷನಿನವರು ಶಾಲಾ ಕಾಲೇಜು ಮಕ್ಕಳಿಗೆ ಇಂಡಿಪೆಂಡೆನ್ಸ್ ಕಪ್ ನಡೆಸುತ್ತಾರಲ್ಲ, ಅದರಲ್ಲಿ ಈ ಹುಡುಗ ಮೂರು ವರ್ಷದಿಂದ ಆಡ್ತಾ ಇದ್ದಾನೆ. ಅಪ್ಪ ಒಂದು ಮ್ಯಾಚೂ ನೋಡಿಲ್ಲ. ನೋಡುವುದು ಹೇಗೆ? ನಮ್ಮ ಜಿಲ್ಲೆಯಲ್ಲಿ ಚೆಂಡಾಟಕ್ಕೂ ಕೊಳೆಗೂ ಒಂದೇ ಸೀಸನ್. ಬೇಸಿಗೆಯಲ್ಲಿ ಮೈದಾನು ಕಲ್ಲಿನ ಹಾಗೆ, ಆಗ ಕ್ರಿಕೆಟ್. ಮಳೆ ಬಿದ್ದು ಹುಲ್ಲು ಬಂದು ನೆಲ ಮೆತ್ತಗಾದ ಮೇಲೆ ಫುಟ್‌ಬಾಲ್. ಆ ಹೊತ್ತಿಗೆ ಇವ ಮರದ ಮೇಲೆ.

ಕಳೆದ ವರ್ಷದ್ದು ಹೇಳ್ತೇನೆ. ಇದನ್ನು ಬರೆಯುವುದೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಮಗನ ಮ್ಯಾಚಿನ ಹಿಂದಿನ ದಿನ ಅವ ಬಂದು, "ಅಣ್ಣೆರೇ, ನಾಳೆ ಒಂದು ದಿನ ಬಿಡ್ಲಿಕ್ಕೆ ಆಗ್ತದಾ" ಅಂತ ಕೇಳಿದ. ಐದು ದಿನದ ಮೇಲೆ ಬಿಸಿಲು ಬಂದಿತ್ತು. ನಾನು "ಬಿಸಿಲು ಬಿಟ್ಟಿದೆ ಮಾರಾಯ, ನಾಳೆ ಒಂದು ದಿನ ಆಗ್ಲಿ, ಮ್ಯಾಚ್ ಇನ್ನೂ ಬರ್ತದೆ" ಅಂದೆ. ಅವ ಎದುರು ಮಾತಾಡುವವನಲ್ಲ. ಮಾರನೇ ದಿನ ಏಳು ಗಂಟೆಗೆ ಬಂದ. ಹತ್ತುವ ಮೊದಲು ಫೋನು ನನ್ನ ಕೈಯಲ್ಲಿ ಕೊಟ್ಟ. ಮಧ್ಯಾಹ್ನದ ಹತ್ತಿರ ಅವನ ಭಾವ ಮೈದಾನಿನಿಂದ ಫೋನ್ ಮಾಡಿದ. ಮ್ಯಾಚ್ ಸಮ ಸಮ ಆಗಿ ಟೈಬ್ರೇಕರಿಗೆ ಹೋಗಿತ್ತು. ಹುಡುಗ ಎರಡು ಹಿಡಿದನಂತೆ. ಆದರೂ ತಂಡ ಸೋತಿತು. ನಾನು ಕೆಳಗಿನಿಂದ ಬೊಬ್ಬೆ ಹಾಕಿ ಹೇಳಿದೆ. ಮೇಲೆ ಸ್ವಲ್ಪ ಹೊತ್ತು ಗನ್ನಿನ ಶಬ್ದ ನಿಂತಿತು. ಕಡೆಗೆ ಅಲ್ಲಿಂದಲೇ ಕೇಳಿದ, "ಯಾವ ಬದಿಗೆ ಹಾರಿದ್ದಂತೆ?"

ನಾನು ಅದನ್ನು ಕೇಳಿರಲಿಲ್ಲ. ಭಾವ ಫೋನ್ ಇಟ್ಟಾಗಿತ್ತು. "ಗೊತ್ತಿಲ್ಲ" ಅಂದೆ. ಅವ ಮರ ಬಾಗಿಸಿ ಪಕ್ಕದ್ದನ್ನು ಹಿಡಿದ. ಸಾಯಂಕಾಲದವರೆಗೆ ಆ ವಿಷಯ ಇಬ್ಬರೂ ಎತ್ತಲಿಲ್ಲ. ಸಂಬಳ ಕೊಡುವಾಗ ನೂರು ರೂಪಾಯಿ ಜಾಸ್ತಿ ಇಟ್ಟಿದ್ದೆ. ಲೆಕ್ಕ ಮಾಡಿ ಅದನ್ನು ತಿರುಗಿ ಕೊಟ್ಟ. ಆ ದಿನ ಮದ್ದು ಬಿಟ್ಟ ತೋಟದಲ್ಲಿ ಕೊಳೆ ಬರಲಿಲ್ಲ, ಅದೂ ನಿಜವೇ. ಆದರೆ ಆ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಈ ವರ್ಷ ಅವ ಕೇಳಲೇ ಇಲ್ಲ. ಮ್ಯಾಚ್ ಶನಿವಾರ ಅಂತ ನನಗೆ ಹೇಳಿದ್ದು ಅವನ ಹೆಂಡತಿ, ಅದೂ ಬೇರೆ ಮಾತಿನ ನಡುವೆ. ಹಾಗಾಗಿ ಯೋಜನೆ ನಾನೇ ಹಾಕಿದ್ದು.

ಯೋಜನೆ ಹಾಕ್ಲಿಕ್ಕೆ ಕಲಿಸಿದ್ದು ಅಣ್ಣನ ಮಗ. ಅವ ಅಮೆರಿಕದ ಡರ್‌ಹ್ಯಾಮ್ ಊರಲ್ಲಿದ್ದಾನೆ. ಅಲ್ಲಿ ಬೇಸ್‌ಬಾಲ್ ಅಂದ್ರೆ ನಮ್ಮ ಕ್ರಿಕೆಟಿನಷ್ಟು ಹುಚ್ಚು. ಮೇಲಿನ ಮಟ್ಟದಲ್ಲಿ 30 ದೊಡ್ಡ ತಂಡಗಳು, ಒಂದೊಂದರ ಕೈಕೆಳಗೆ ನಾಲ್ಕು ಚಿಕ್ಕ ತಂಡ, ಒಟ್ಟು 120. ಇದಕ್ಕೆ ಮೈನರ್ ಲೀಗ್ ಅಂತಾರೆ. ಇನ್ನೂ ಮೇಲೆ ಹೋಗಬೇಕಾದ ಹುಡುಗರು ಚಿಕ್ಕ ಊರುಗಳಲ್ಲಿ ಆಡುವ ಆಟ. ಡರ್‌ಹ್ಯಾಮಿನ ತಂಡದ ಹೆಸರು ಬುಲ್ಸ್, ಅಂದ್ರೆ ಹೋರಿಗಳು. ಮೈದಾನಿನ ಅಂಚಿನಲ್ಲಿ ದೊಡ್ಡ ಹೋರಿಯ ಬೋರ್ಡು ಉಂಟಂತೆ. ಹೊಡೆದ ಚೆಂಡು ಹೋರಿಗೆ ತಾಗಿದರೆ ಆಟಗಾರನಿಗೆ ಮಾಂಸದೂಟ, ಕೆಳಗೆ ಬಿಡಿಸಿದ ಹುಲ್ಲಿಗೆ ತಾಗಿದರೆ ಸೊಪ್ಪು ತರಕಾರಿಯ ಊಟ. ಅವ ಮಕ್ಕಳನ್ನು ಕರ್ಕೊಂಡು ಹೋಗುವ ಮೊದಲು ಒಂದು ಪಟ್ಟಿ ಮಾಡ್ತಾನೆ. ಗೇಟು ಎಷ್ಟು ಗಂಟೆಗೆ ತೆರೆಯುತ್ತದೆ, ಯಾವ ಬದಿಯ ಸೀಟಿಗೆ ನೆರಳು, ಗಾಡಿ ಎಲ್ಲಿ ನಿಲ್ಲಿಸುವುದು, ಮಳೆ ಬಂದರೆ ಎಂತ ಮಾಡುವುದು. ಅಲ್ಲಿ ಮಳೆ ಬಂದರೆ ಆಟ ನಿಲ್ತದೆ. ನಮ್ಮಲ್ಲಿ ಮಳೆ ಬಂದ ಮೇಲೆಯೇ ಆಟ.

"ಚಿಕ್ಕಪ್ಪ, ನೀವು ಪಟ್ಟಿ ಮಾಡದಿದ್ದರೆ ತೋಟ ನಿಮ್ಮನ್ನು ಬಿಡುವುದಿಲ್ಲ" ಅಂದ. ಸರಿ ಅಂತ ಕಂಡಿತು. ನಾನು ಮಂಗಳೂರಿಗೆ ಹೋಗುವುದು ಅಂದ್ರೆ ವೆನ್ಲಾಕ್, ಬ್ಯಾಂಕು, ಬಂದರಿನ ಅಡಿಕೆ ಮಂಡಿ, ಇಲ್ಲ ಪಂಪಿನ ಸ್ಪೇರ್. ಆಟ ನೋಡ್ಲಿಕ್ಕೆ ಅಂತಲೇ ಈ ಐವತ್ತೆಂಟು ವರ್ಷದಲ್ಲಿ ಹೋದದ್ದಿಲ್ಲ. ನೆಹರೂ ಮೈದಾನನ್ನು ನೂರಾರು ಸಲ ದಾಟಿದ್ದೇನೆ, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಪಕ್ಕವೇ ಅಲ್ವಾ. ಒಮ್ಮೆಯೂ ನಿಂತದ್ದಿಲ್ಲ.

ನನ್ನ ಪಟ್ಟಿ ಹೀಗುಂಟು.

ಬುಧವಾರ ರಾತ್ರಿ ಸುಣ್ಣ, ಮೈಲುತುತ್ತು ತೂಗಿ ಇಡುವುದು. ಕೆಳಗಿನ ತೋಟದಲ್ಲಿ 400 ಮರ, ನಾಲ್ಕು ಬ್ಯಾರೆಲ್ ಬೇಕು. ಶೇಕಡಾ 1ರ ಲೆಕ್ಕದಲ್ಲಿ 8 ಕಿಲೋ ತುತ್ತು, 8 ಕಿಲೋ ಸುಣ್ಣ. ಬೆರೆಸಿದ ಮೇಲೆ ಅದೇ ದಿನ ಬಿಡಬೇಕು, ಹಾಗಾಗಿ ಎರಡನ್ನೂ ಬೇರೆ ಬೇರೆ ಇಟ್ಟು ಆಕಾಶ ನೋಡಿಯೇ ಬೆರೆಸುವುದು. ಕತ್ತಿಯ ಅಲಗು ಅದ್ದಿ ನೋಡ್ಲಿಕ್ಕೆ ಮರೆಯಬಾರದು, ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ.

ಗುರುವಾರ ಒಣ ಇದ್ದರೆ ಕೆಳಗಿನ ತೋಟ. ಇಲ್ಲದಿದ್ದರೆ ಶುಕ್ರವಾರ. ಕೊಳೆ ಬಂದ ಜಾಗ ಮೊದಲು, ಉಳಿದದ್ದು ಕಡೆಗೆ. ಮೇಲಿನ ತೋಟದ 600 ಮರಕ್ಕೆ ಭಾನುವಾರದಿಂದ. ಅಲ್ಲಿ ಗಾಳಿ ಬೆಳಕು ಚೆನ್ನಾಗುಂಟು, ಇಷ್ಟರವರೆಗೆ ಕಲೆ ಕಂಡಿಲ್ಲ.

ಶನಿವಾರ ಏಳೂವರೆಯ ಬಸ್ಸು. ಕಲ್ಲಡ್ಕ, ಬಿ.ಸಿ. ರೋಡ್, ಪಡೀಲ್ ದಾಟಿ ಸ್ಟೇಟ್‌ಬ್ಯಾಂಕಿಗೆ ಒಂದೂವರೆ ಗಂಟೆ ಹಿಡಿಯುವುದು. ಮಳೆಗಾಲ ಅಂತ ಎರಡು ಇಟ್ಟುಕೊಂಡಿದ್ದೇನೆ. ಮ್ಯಾಚ್ ಹನ್ನೊಂದಕ್ಕೆ ಅಂತ ಹುಡುಗ ಹೇಳಿದ್ದು. ನನ್ನ ಜೀಪು ಬೇಡ. ಮೈದಾನಿನ ಸುತ್ತ ನಿಲ್ಲಿಸ್ಲಿಕ್ಕೆ ಜಾಗ ಹುಡುಕುವಷ್ಟರಲ್ಲಿ ಹಾಫ್‌ಟೈಮ್ ಆದೀತು.

ಹೋಗುವವರು ಮೂರು ಜನ, ಅವ, ಅವನ ಹೆಂಡತಿ, ನಾನು. ಅವಳಿಗೆ ಶನಿವಾರ ಬೀಡಿ ಬ್ರಾಂಚಿಗೆ ಕೊಡ್ಲಿಕ್ಕುಂಟು. ಅದನ್ನು ನಮ್ಮ ಮನೆಯವಳು ಕೊಟ್ಟು ಬರ್ತಾಳೆ. ದನ ಕರೆಯುವುದು, ಹುಲ್ಲು ಹಾಕುವುದು ಎರಡೂ ಸೇರಿ ಅವಳ ತಲೆಗೇ ಬಂತು. ಒಂದು ಮಾತು ಗೊಣಗಲಿಲ್ಲ. ಕಳೆದ ವರ್ಷದ ಕಥೆ ಅವಳಿಗೂ ಗೊತ್ತುಂಟು.

ಟಿಕೆಟ್ ಇಲ್ಲ, ಸೀಟ್ ನಂಬ್ರ ಇಲ್ಲ. ದೊಡ್ಡ ಕೊಡೆ ಮೂರು, ಕೂರ್ಲಿಕ್ಕೆ ಹಳೆ ಟಾರ್ಪಾಲಿನ ತುಂಡು. ನಿಲ್ಲುವುದು ಎಲ್ಲಿ ಅಂತ ಒಂದು ಯೋಚನೆ ಬಂತು. ಹುಡುಗ ಗೋಲ್‌ಕೀಪರ್, ಹಾಗಾಗಿ ನಡುವಿನಲ್ಲಿ ನಿಂತರೆ ಅವ ದೂರ. ಗೋಲಿನ ಹಿಂದೆ, ಸ್ವಲ್ಪ ಬದಿಗೆ ನಿಲ್ಲಬೇಕು. ಹಾಫ್‌ಟೈಮಿನಲ್ಲಿ ತಂಡಗಳು ಬದಿ ಬದಲಿಸುತ್ತವೆ, ಆಗ ನಾವೂ ಕೊಡೆ ಹಿಡ್ಕೊಂಡು ಆ ಕಡೆಗೆ ನಡೆಯುವುದು. ಅಪ್ಪನಿಗೆ ಈ ಸಲ ಯಾವ ಬದಿಗೆ ಹಾರಿದ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಹುಡುಗನದ್ದು ಒಂದೇ ಶರ್ತ. ಫೋನಿನಲ್ಲಿ ಹೇಳಿದ, "ಬನ್ನಿ, ಆದ್ರೆ ಅಪ್ಪ ಬೊಬ್ಬೆ ಹಾಕ್ಬಾರ್ದು." ಅಪ್ಪ ಬೊಬ್ಬೆ ಹಾಕುವವನಲ್ಲ. ನನ್ನದೇ ಹೆದರಿಕೆ.

ಮ್ಯಾಚ್ ಮುಗಿದ ಮೇಲೆ ಗೆದ್ದರೂ ಸೋತರೂ ಮಾರ್ಕೆಟ್ ರೋಡಿನ ಐಡಿಯಲ್‌ನಲ್ಲಿ ಗಡ್‌ಬಡ್. ಅದು ನನ್ನ ಲೆಕ್ಕದಲ್ಲಿ. ಬಸ್ಸಿನ ಟಿಕೆಟ್ ಮೂರೂ ಜನದ್ದು ಅವನ ಲೆಕ್ಕ, ಅದನ್ನು ಅವ ಮೊದಲೇ ಹೇಳಿ ಆಯಿತು. ಆ ದಿನದ ಸಂಬಳ ಕೊಡ್ತೇನೆ ಅಂದದ್ದಕ್ಕೆ, "ಮಗನ ಆಟ ನೋಡ್ಲಿಕ್ಕೆ ಸಂಬಳ ಎಂತಕ್ಕೆ ಅಣ್ಣೆರೇ" ಅಂದ. ನನಗೆ ನಾಚಿಕೆ ಆಯಿತು.

ಇನ್ನು ಕಷ್ಟದ ಪ್ರಶ್ನೆ. ಗುರುವಾರ ಶುಕ್ರವಾರ ಎರಡೂ ದಿನ ಸುರಿದು, ಶನಿವಾರವೇ ಚೊಕ್ಕ ಬಿಸಿಲು ಬಂದರೆ? ಆಟಿಯ ಮಳೆಗೆ ಈ ಕುಶಾಲು ಮಾಡುವ ಅಭ್ಯಾಸ ಉಂಟು. ನಿನ್ನೆ ರಾತ್ರಿ ಇದನ್ನೇ ಯೋಚಿಸಿದೆ. ಒಂದು ದಿನಕ್ಕೆ ಎಷ್ಟು ಅಡಿಕೆ ಉದುರೀತು ಅಂತ ಲೆಕ್ಕ ಹಾಕ್ಲಿಕ್ಕೆ ನೋಡಿದೆ, ಲೆಕ್ಕ ಸಿಗುವುದಿಲ್ಲ. ಒಂದು ದಿನದಲ್ಲಿ ತೋಟ ಹೋಗುವುದಿಲ್ಲ ಅನ್ನುವುದು ನಿಜ. ಕೊಳೆಗೆ ಒಂದು ದಿನ ದೊಡ್ಡದು ಅನ್ನುವುದೂ ನಿಜ. ಕಳೆದ ವರ್ಷ ನಾನು ಎರಡನೆಯದನ್ನು ಮಾತ್ರ ನೋಡಿದೆ. ಈ ವರ್ಷ ಬಿಸಿಲು ಬಂದರೂ ಹೋಗುವುದೇ. ಮರ ಬರುವ ವರ್ಷವೂ ಹಿಂಗಾರ ಬಿಡ್ತದೆ. ಹುಡುಗನಿಗೆ ಇದು ಹೈಸ್ಕೂಲಿನ ಕಡೇ ವರ್ಷ.

ಜೋರು ಮಳೆ ಬಂದು ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟು ಮ್ಯಾಚ್ ಮುಂದೆ ಹೋದರೆ, ನಮ್ಮ ಯೋಜನೆಯೂ ಮುಂದೆ ಹೋಗ್ತದೆ. ಪಟ್ಟಿ ಹಾಗೆಯೇ ಇರ್ತದೆ, ದಿನ ಮಾತ್ರ ಬದಲು.

ಈಗ ನಿಮ್ಮ ಹತ್ತಿರ ಕೇಳ್ಲಿಕ್ಕಿರುವುದು. ಅವನಿಗೆ ರಜೆ ಕೊಟ್ಟರೆ ಸಾಕಲ್ವಾ, ನೀನ್ಯಾಕೆ ಹೋಗುವುದು ಅಂತ ತಮ್ಮ ಕೇಳಿದ. ಸಾಕಾಗುವುದಿಲ್ಲ. ನಾನು ರಜೆ ಕೊಟ್ಟರೆ ಬೆಳಿಗ್ಗೆ ಆರು ಗಂಟೆಗೆ ನಿಮ್ಮಲ್ಲೊಬ್ಬರು ಫೋನ್ ಮಾಡ್ತೀರಿ. "ಇವತ್ತೊಂದು ದಿನ ಬಾ ಮಾರಾಯ, ಬಿಸಿಲುಂಟು, ಡಬಲ್ ಕೊಡ್ತೇನೆ" ಅಂತೀರಿ. ನಾನಾದರೂ ಅದನ್ನೇ ಮಾಡ್ತಿದ್ದೆ. ಅವನಿಗೆ ಸಂಘದ ಸಾಲ ಉಂಟು, ಮತ್ತೆ ಇಲ್ಲ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ಮೂರು ವರ್ಷ ಮ್ಯಾಚ್ ತಪ್ಪಿದ್ದು ನನ್ನೊಬ್ಬನಿಂದ ಅಲ್ಲ, ನಮ್ಮೆಲ್ಲರ ಫೋನಿನಿಂದ.

ಹಾಗಾಗಿ ಶನಿವಾರ ಒಂದು ದಿನ ಅವನಿಗೆ ಯಾರೂ ಫೋನ್ ಮಾಡಬೇಡಿ. ಬಿಸಿಲು ಬಂದರೂ ಮಾಡಬೇಡಿ. ಭಾನುವಾರದ ಸರದಿಯಲ್ಲಿ ಯಾರ ತೋಟದಲ್ಲಿ ಕೊಳೆ ಜಾಸ್ತಿ ಉಂಟೋ ಅವರದ್ದು ಮೊದಲು ಆಗ್ಲಿ, ನನ್ನ ಮೇಲಿನ ತೋಟ ಕಡೆಗೆ. ಇಲ್ಲಿ ಕೆಳಗೆ ಬರೆದು ತಿಳಿಸಿ, ನಾನೇ ಪಟ್ಟಿ ಮಾಡಿ ಅವನಿಗೆ ಕೊಡ್ತೇನೆ.

ಮಂಗಳೂರಿನ ಕಡೆ ಇರುವವರು, ನಮ್ಮಂತೆ ತೋಟ ಬಿಟ್ಟು ಹೋಗ್ಲಿಕ್ಕೆ ಆಗದವರ ಮಕ್ಕಳು ಅಲ್ಲಿ ಸುಮಾರು ಜನ ಆಡ್ತಾರೆ. ಹನ್ನೊಂದು ಗಂಟೆಗೆ ಸ್ಟೇಟ್‌ಬ್ಯಾಂಕಿನ ಹತ್ತಿರ ಬಸ್ಸಿಗೆ ಕಾಯ್ತಾ ಇದ್ದರೆ ಹತ್ತು ನಿಮಿಷ ಆ ಕಡೆ ಬನ್ನಿ. ಗೋಲಿನ ಹಿಂದೆ ಮೂರು ಕರಿ ಕೊಡೆ ಕಂಡರೆ ಅದು ನಾವು.

ಮತ್ತೆ, ಹೆಕ್ಕಿದ ಅಡಿಕೆ ತೋಡಿಗೆ ಹಾಕಬೇಡಿ. ಕೆಳಗಿನವರ ತೋಟಕ್ಕೆ ಹೋಗ್ತದೆ.