ಪೋಡಿಗೆ ನಡೆದುಬಂದ ವೈದ್ಯ

ಬೆಂಗಳೂರಿನಲ್ಲಿ ವೈದ್ಯಕೀಯ ಪದವಿ ಪಡೆದ ಡಾ. ಎಚ್. ಸುದರ್ಶನ್ ಅವರು ನಗರದ ವೃತ್ತಿಯನ್ನು ತೊರೆದು ಬಿಳಿಗಿರಿರಂಗನಬೆಟ್ಟದ ಸೋಲಿಗರ ಪೋಡುಗಳನ್ನು ಅರಸಿ ಹೋದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅಲ್ಲಿ ಆರಂಭವಾಯಿತು. ಮೊದಮೊದಲು ಸೋಲಿಗರು ಅವರನ್ನು ನಂಬಲಿಲ್ಲ. ಅವರೇ ಗುಡಿಸಲಿನಿಂದ ಗುಡಿಸಲಿಗೆ ನಡೆದರು. ರೋಗವು ದೇಹದಲ್ಲಿ ತೋರಿದರೂ ಅದರ ಬೇರು ಬಡತನದಲ್ಲಿ, ಅಕ್ಷರದ ಅಭಾವದಲ್ಲಿ, 1974ರ ಅಭಯಾರಣ್ಯ ಘೋಷಣೆಯ ತರುವಾಯ ಕೈತಪ್ಪಿದ ಕಾಡಿನಲ್ಲಿ ಇದೆಯೆಂಬುದು ಅವರಿಗೆ ಮನವರಿಕೆಯಾಯಿತು. ಆದುದರಿಂದ ಆಸ್ಪತ್ರೆಯ ಜೊತೆಗೆ ಶಾಲೆ, ಕಸುಬಿನ ತರಬೇತಿ, ಸಂಘಟನೆಗಳೂ ಬೆಳೆದವು.

1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಅದಕ್ಕಿಂತ ಮಿಗಿಲಾದುದು, ಸೋಲಿಗರ ಮಕ್ಕಳೇ ಶಿಕ್ಷಕರಾಗಿ, ದಾದಿಯರಾಗಿ ತಮ್ಮವರ ನಡುವೆ ದುಡಿಯತೊಡಗಿದುದು. 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯದ ಸಾಮೂಹಿಕ ಹಕ್ಕೂ ದೊರೆಯಿತು. ಸಮುದಾಯ ಸೇವೆಯನ್ನೇ ವೃತ್ತಿಯಾಗಿ ಆರಿಸಿಕೊಳ್ಳುವ ರಾಜಾಜಿನಗರ, ಕೆಂಗೇರಿಗಳ ತರುಣರು ಈ ಮಾತನ್ನು ನೆನೆಯಬೇಕು: ಮುಂದಾಳಾದವನು ತನ್ನ ಕೆಲಸವನ್ನು ಜನರ ಕೈಗೊಪ್ಪಿಸಿ ಹಿಂದೆ ಸರಿಯುವುದನ್ನೂ ಕಲಿತಿರಬೇಕು.