ಕೈ ಕೆಸರು, ಬಾಯಿ ಕೀರ್ತನೆ

ಗೊರೇಬಾಳದ ಸುತ್ತಮುತ್ತ ನಾಟಿ ಶುರುವಾಯಿತೆಂದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರಂತೆ ಎಂಬ ಸುದ್ದಿ ಬಂದದ್ದೇ ತಡ, ಸಸಿ ಮಡಿ, ಕೆಸರು ಹೊಡೆಯುವ ಟ್ರ್ಯಾಕ್ಟರು, ಗೊಬ್ಬರ, ಕೂಲಿಯಾಳು ಎಲ್ಲ ಒಮ್ಮೆಗೇ ಬೇಕು. ನಸುಕಿನಲ್ಲೇ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು, ಹೆಣ್ಣಾಳುಗಳ ಟಂಟಂ ಬರುವಷ್ಟರಲ್ಲಿ ಬದುವಿನ ಮೇಲೆ ನಿಂತಿರಬೇಕು. ಸಂಜೆ ಮನೆಗೆ ಬಂದರೆ ದನ, ನೀರು, ಒಲೆ, ಮಕ್ಕಳ ಪಾಠ. ದೇವರಿಗೆ ದಿನಕ್ಕೊಂದು ತಾಸು ಎತ್ತಿಡಿ ಎಂದು ಸಭಾಪಾಲಕರು ಭಾನುವಾರ ಹೇಳುವುದು ಸರಿಯೇ. ಆ ತಾಸನ್ನು ಎಲ್ಲಿಂದ ತರುವುದು ಎಂಬುದು ಸೋಮವಾರದ ಪ್ರಶ್ನೆ.

ನನಗೆ ದೊರೆತ ಉತ್ತರ ಬಾಯಿಪಾಠ. ಸತ್ಯವೇದದ 150 ಕೀರ್ತನೆಗಳಲ್ಲಿ ಒಂದೊಂದನ್ನೇ ಕಲಿತು ನಾಲಿಗೆಯ ಮೇಲೆ ಇಟ್ಟುಕೊಳ್ಳುವುದು. ಇದು ನನಗೆ ವ್ರತವೂ ಹೌದು, ಹವ್ಯಾಸವೂ ಹೌದು. ಇದರಷ್ಟು ಸುಖ ಕೊಡುವ ಕೆಲಸ ನನ್ನ ದಿನದಲ್ಲಿ ಇನ್ನೊಂದಿಲ್ಲ. ಪುಸ್ತಕ ತೆರೆಯಲು ಕೈ ಒಣಗಿರಬೇಕು, ಬೆಳಕಿರಬೇಕು, ಕೂರಲು ಜಾಗ ಬೇಕು. ಬಾಯಿಪಾಠಕ್ಕೆ ಇದಾವುದೂ ಬೇಡ. ಕೆಸರಲ್ಲಿ ಕೈ ಮುಳುಗಿದ್ದರೂ ನಾಲಿಗೆ ಬಿಡುವಾಗಿಯೇ ಇರುತ್ತದೆ.

ಕಲಿಯುವ ಬಗೆಯಲ್ಲೇ ಅರ್ಧ ರುಚಿಯಿದೆ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂಬದಿಯಲ್ಲಿ ಎರಡು ವಚನ ದಪ್ಪಕ್ಷರದಲ್ಲಿ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸುತ್ತೇನೆ. ರೊಟ್ಟಿ ತಿರುವಿ ಹಾಕುವಾಗ ಒಮ್ಮೆ ನೋಡಿ, ಮುಂದಿನ ರೊಟ್ಟಿ ಬೇಯುವವರೆಗೆ ನೋಡದೆ ಹೇಳುವುದು. ಮನಸ್ಸಲ್ಲಿ ಅಲ್ಲ, ಬಾಯಿಬಿಟ್ಟು. ಕಿವಿಗೆ ಬೀಳದ ಮಾತು ಬೇಗ ಮರೆಯುತ್ತದೆ. ಕೀರ್ತನೆಗಳ ಕಟ್ಟೋಣವೂ ಇದಕ್ಕೆ ಅನುಕೂಲವಾಗಿದೆ. ಇಬ್ರಿಯ ಕವಿಗಳು ಹೆಚ್ಚಿನ ವಚನಗಳನ್ನು ಎರಡು ತುಂಡಾಗಿ ಕಟ್ಟಿದರು: ಮೊದಲರ್ಧ ಒಂದು ಮಾತು ಹೇಳುತ್ತದೆ, ಎರಡನೆಯದು ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ, ಇಲ್ಲವೇ ಮುಂದಕ್ಕೆ ಒಯ್ಯುತ್ತದೆ. ನಡುವೆ ಒಂದು ಉಸಿರು. 121ನೆಯ ಕೀರ್ತನೆಯಲ್ಲಿ ಸಹಾಯ ಎಲ್ಲಿಂದ ಬಂದೀತು ಎಂದು ಕಣ್ಣೆತ್ತಿ ಕೇಳುವವನಿಗೆ, ಭೂಮಿ ಆಕಾಶ ಮಾಡಿದಾತನಿಂದ ಎಂದು ಮರುಮಾತಿನಲ್ಲೇ ಉತ್ತರ ಸಿಗುತ್ತದೆ. ಪ್ರಶ್ನೆ ನೆನಪಾದರೆ ಉತ್ತರ ಬೆನ್ನಿಗೇ ಬರುತ್ತದೆ. 119ನೆಯದಂತೂ 176 ವಚನಗಳ ದೊಡ್ಡ ಕೀರ್ತನೆ; ಇಬ್ರಿಯ ವರ್ಣಮಾಲೆಯ 22 ಅಕ್ಷರಗಳಿಗೆ ಎಂಟೆಂಟು ವಚನ, ಆಯಾ ಎಂಟೂ ಅದೇ ಅಕ್ಷರದಿಂದ ಆರಂಭ. ನೆನಪಿಗೆ ಇಷ್ಟು ಚೆನ್ನಾದ ಮೆಟ್ಟಿಲು ಕಟ್ಟಿಕೊಟ್ಟವನು ಇದು ಬಾಯಲ್ಲಿ ಉಳಿಯಲಿ ಎಂದೇ ಕಟ್ಟಿರಬೇಕು.

ನಾಟಿಯ ಸಾಲಿನಲ್ಲಿ ಈ ಎರಡು ತುಂಡಿನ ಲಯ ಕೈಗೆ ಹತ್ತುತ್ತದೆ. ಎಡಗೈಯಲ್ಲಿ ಸಸಿಯ ಕಟ್ಟು. ಬಲಗೈ ಅದರಿಂದ ಮೂರ್ನಾಲ್ಕು ಸಸಿ ಬಿಡಿಸುವಾಗ ವಚನದ ಮೊದಲರ್ಧ. ಹೆಬ್ಬೆರಳು, ಎರಡು ಬೆರಳ ನಡುವೆ ಬೇರು ಹಿಡಿದು ಕೆಸರಿಗೆ ಒತ್ತುವಾಗ ಎರಡನೆಯದು. ಒಂದು ಹೆಜ್ಜೆ ಹಿಂದೆ, ಮತ್ತೆ ಮೊದಲಿಂದ. ಬೆನ್ನು ನೋಯುವುದು ನೋಯುತ್ತದೆ, ಬಿಸಿಲು ಬಿಸಿಲೇ. ಆದರೆ ಗದ್ದೆಯ ಆ ಬದುವಿನಿಂದ ಈ ಬದುವಿಗೆ ಬರುವಷ್ಟರಲ್ಲಿ 126ನೆಯ ಕೀರ್ತನೆಯನ್ನು ಎಷ್ಟೋ ಸಲ ದಾಟಿರುತ್ತೇನೆ. ಅಳುತ್ತ ಬೀಜ ಹೊತ್ತು ಹೋದವರು ಸಿವುಡು ಹೊತ್ತು ನಗುತ್ತ ಬರುವ ಕೀರ್ತನೆ ಅದು. ಕೊಯ್ಯುವ ಯಂತ್ರ ಬಂದ ಮೇಲೆ ನಮ್ಮಲ್ಲಿ ಸಿವುಡು ಹೊರುವುದು ಕಡಿಮೆಯಾಗಿದೆ. ಸಾಲ ಮಾಡಿ ಬಿತ್ತುವವರ ಆತಂಕ ಮಾತ್ರ ಹಾಗೇ ಇರುವುದರಿಂದ ಆ ಮಾತು ನಮಗೆ ಹಳೆಯದಾಗಿಲ್ಲ.

ಪಕ್ಕದ ಸಾಲಿನ ಹೆಣ್ಣುಮಗಳು ಒಮ್ಮೆ ಕೇಳಿದಳು: "ಏನಕ್ಕಾ, ಒಬ್ಬಾಕಿನ ಮಾತಾಡ್ತೀ?" ದೇವರ ಪದ ಅಂದೆ. "ಹಂಗಾದ್ರ ಜೋರಾಗಿ ಹೇಳು, ನಾವೂ ಕೇಳ್ತೀವಿ." ಹೇಳಿದೆ. ಮುಗಿದ ಮೇಲೆ ಅವಳೊಂದು ತತ್ವಪದ ಎತ್ತಿಕೊಂಡಳು. ಪದವನ್ನು ಬಾಯಲ್ಲಿಟ್ಟುಕೊಂಡು ದುಡಿಯುವುದು ಈ ಸೀಮೆಗೆ ಯಾರೂ ಕಲಿಸಬೇಕಾದದ್ದಲ್ಲ. ನೆರೆಯ ಮಾನ್ವಿ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು. ಬೀಸುಕಲ್ಲಿನ ಮುಂದೆ, ತೊಟ್ಟಿಲ ಪಕ್ಕದಲ್ಲಿ ಓದುಬರಹ ಬಾರದ ಅಜ್ಜಿಯರು ನೂರಾರು ಹಾಡು ಹೊತ್ತು ತಂದ ನೆಲ ಇದು. ನಮ್ಮ ಭಕ್ತಿಗೂ ಅದೇ ದಾರಿ ಒಗ್ಗುತ್ತದೆ.

ಕೀರ್ತನೆಗಳು ಕನ್ನಡಕ್ಕೆ ಬಂದದ್ದೂ ಹತ್ತಿರದಲ್ಲೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಹೊಳೆಯಾಚೆಯ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತವರು. 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿದ್ಧವಾಯಿತು. ಅದಕ್ಕೂ ಬಹಳ ಮೊದಲೇ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಬಿಜಾಪುರದ ಆದಿಲಶಾಹಿಗಳ ಕಾಲದಿಂದಲೇ ಕ್ಯಾಥೋಲಿಕ್ ಕುಟುಂಬಗಳಿದ್ದವು. ಅವರ ಕೈಯ ಜಪಸರಕ್ಕೂ ಕೀರ್ತನೆಗಳಿಗೂ ನಂಟಿದೆ. ಓದು ಬಾರದ ಜನ 150 ಕೀರ್ತನೆಗಳ ಬದಲಿಗೆ 150 ಸಲ ನಮೋ ಮರಿಯ ಹೇಳುವ ರೂಢಿ ಯುರೋಪಿನಲ್ಲಿ ಬೆಳೆದು ಪೂರ್ಣ ಜಪಸರದ ಲೆಕ್ಕವಾಯಿತು. ದುಡಿಯುವವರ ಬೆರಳಿಗೆ ದಕ್ಕುವಂತೆ ಪ್ರಾರ್ಥನೆಯನ್ನು ರೂಪಿಸಿದ ಆ ಹಿರಿಯರ ಬಗ್ಗೆ ನನಗೆ ತುಂಬು ಗೌರವ.

ಲೋಕದ ಬೇರೆ ಕಡೆಯೂ ಹೀಗೇ ಇತ್ತು. ಈಜಿಪ್ಟಿನ ಮರಳುಗಾಡಿನ ವಿರಕ್ತರು ಗರಿ ಹೆಣೆದು ಬುಟ್ಟಿ ಮಾಡುತ್ತ ಕೀರ್ತನೆ ಹೇಳುತ್ತಿದ್ದರು. 6ನೆಯ ಶತಮಾನದ ಸಂತ ಬೆನೆಡಿಕ್ಟ್ ತನ್ನ ಮಠದವರು ವಾರದೊಳಗೆ 150ನ್ನೂ ಮುಗಿಸಬೇಕೆಂದು ನಿಯಮ ಮಾಡಿ, ಅದರ ಜೊತೆಗೇ ಮೈಮುರಿದು ದುಡಿಯಲೂ ಹೇಳಿದ. ನನಗೆ ಇನ್ನೂ ಹತ್ತಿರವೆನಿಸುವುದು 4ನೆಯ ಶತಮಾನದ ಕೊನೆಯಲ್ಲಿ ಬೆತ್ಲೆಹೇಮಿನಿಂದ ರೋಮಿಗೆ ಹೋದ ಒಂದು ಪತ್ರ. ಸಂತ ಜೆರೋಮನ ಪತ್ರಗಳ ಜೊತೆ ಉಳಿದುಬಂದ ಅದರಲ್ಲಿ, ಅಲ್ಲಿ ನೇಗಿಲು ಹಿಡಿದವನು ಹಲ್ಲೆಲೂಯ ಹಾಡುತ್ತಾನೆ, ಕೊಯ್ಯುವವನು ಕೀರ್ತನೆ ಹೇಳಿಕೊಳ್ಳುತ್ತಾನೆ ಎಂಬ ವರ್ಣನೆಯಿದೆ. ಯೇಸು ಹುಟ್ಟಿದ ಊರಿನ ಹೊಲದಲ್ಲೂ ನಮ್ಮ ಗದ್ದೆಯ ಪದವೇ!

ರಾತ್ರಿಯ ನೀರಿನ ಪಾಳಿಗೆ ಬೇರೆ ಕೀರ್ತನೆಗಳಿವೆ. ಉಪಕಾಲುವೆಯಿಂದ ನಮ್ಮ ತೂಬಿಗೆ ನೀರು ತಿರುಗುವುದು ಕೆಲವೊಮ್ಮೆ ನಡುರಾತ್ರಿ ದಾಟಿದ ಮೇಲೆ. ಬ್ಯಾಟರಿ, ಸಲಿಕೆ ಹಿಡಿದು ಹೋಗಿ, ಮಡಿಯಿಂದ ಮಡಿಗೆ ನೀರು ಬಿಡುತ್ತ ಕಾಯಬೇಕು. ಮಡಿ ತುಂಬುವವರೆಗೆ ಮಾಡಲು ಏನೂ ಇರುವುದಿಲ್ಲ. 134ನೆಯದು ಆ ಹೊತ್ತಿಗೇ ಹೇಳಿ ಮಾಡಿಸಿದ್ದು: ಮೂರೇ ವಚನ, ರಾತ್ರಿಯಲ್ಲಿ ದೇವಾಲಯದಲ್ಲಿ ನಿಂತು ಸೇವೆ ಮಾಡುವವರನ್ನು ಕುರಿತದ್ದು. ಉಳಿದವರೆಲ್ಲ ಮಲಗಿದಾಗ ಎಚ್ಚರವಿರುವವರ ನೆನಪು ದೇವರಿಗಿದೆ ಎಂಬ ಧೈರ್ಯ ಅದರಲ್ಲಿದೆ. 65ನೆಯದನ್ನೂ ಅಲ್ಲೇ ಹೇಳುತ್ತೇನೆ. ದೇವರು ನೇಗಿಲ ಸಾಲಿಗೆ ನೀರುಣಿಸಿ, ಹೆಂಟೆ ಕರಗಿಸಿ, ಮೊಳಕೆಯನ್ನು ಹರಸುವ ಚಿತ್ರ ಅದರಲ್ಲಿ ಬರುತ್ತದೆ. ಕಾಲ ಕೆಳಗೆ ಹೆಂಟೆ ನಿಜವಾಗಿ ಕರಗುತ್ತಿರುವಾಗ ಆ ವಚನಕ್ಕೆ ಯಾವ ವ್ಯಾಖ್ಯಾನವೂ ಬೇಕಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನಾಟಿಯಾದ ಗದ್ದೆಗಳು ಹಸಿರಾಗಿ ನಿಂತಿದ್ದವು, ನೀರೆಲ್ಲ ಹೊಳೆಗೆ ಹರಿದುಹೋಗುತ್ತಿತ್ತು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸುವವರೆಗೆ ಈ ಕಡೆಯ ಮನೆಗಳಲ್ಲಿ ಬೇರೆ ಮಾತಿರಲಿಲ್ಲ. ಆಗ ಪ್ರಾರ್ಥಿಸಲು ನನ್ನಲ್ಲಿ ಸ್ವಂತ ಮಾತು ಹುಟ್ಟಲಿಲ್ಲ; 46ನೆಯ ಕೀರ್ತನೆ ತಾನಾಗಿ ಬಂತು. ನೀರು ಭೋರ್ಗರೆದರೂ ಬೆಟ್ಟ ನಡುಗಿದರೂ ಅಂಜೆವು ಎನ್ನುವುದು ಅದೇ, ಒಂದು ಹೊಳೆಯ ಕಾಲುವೆಗಳು ದೇವರ ಪಟ್ಟಣವನ್ನು ಸಂತೋಷಪಡಿಸುತ್ತವೆ ಎನ್ನುವುದೂ ಅದೇ. ಬಾಯಿಪಾಠದ ನಿಜವಾದ ಬೆಲೆ ನನಗೆ ಗೊತ್ತಾದದ್ದು ಆ ವಾರ. ನೆಮ್ಮದಿಯ ದಿನ ಕೂಡಿಟ್ಟ ಕಾಳು ಕಷ್ಟದ ದಿನ ಕೈಗೆ ಸಿಗುತ್ತದೆ.

ಹೇಳಿದ್ದನ್ನೇ ಹೇಳಿದರೆ ಭಕ್ತಿ ಯಾಂತ್ರಿಕವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅರ್ಥವಿಲ್ಲದೆ ಸುಮ್ಮನೆ ಮಾತು ಬೆಳೆಸಬೇಡಿ ಎಂದು ಯೇಸುವೇ ಎಚ್ಚರಿಸಿದ್ದು ನಿಜ. ಆದರೆ ಮತ್ತಾಯನ ಸುವಾರ್ತೆಯ ಅದೇ 6ನೆಯ ಅಧ್ಯಾಯದಲ್ಲಿ, ಆ ಮಾತಿನ ಬೆನ್ನಿಗೇ, ಆತ ಶಿಷ್ಯರಿಗೆ ಹೇಳಿಕೊಳ್ಳಲು ಒಂದು ಪ್ರಾರ್ಥನೆ ಕಲಿಸಿದ. ಶಿಲುಬೆಯ ಮೇಲೆ, ಉಸಿರು ಸಾಲದಿರುವಾಗ, ಆತನ ಬಾಯಿಂದ ಬಂದದ್ದೂ 22 ಮತ್ತು 31ನೆಯ ಕೀರ್ತನೆಗಳ ಮಾತು. ಚಿಕ್ಕಂದಿನಿಂದ ಕೇಳಿ ಹೇಳಿ ಉಳಿದದ್ದು. ಮನಸ್ಸು ಅತ್ತಿತ್ತ ಓಡುತ್ತದೆ, ಓಡಲಿ. ನೂರು ಸಲ ಹೇಳಿದ ವಚನದಲ್ಲಿ ಇದ್ದಕ್ಕಿದ್ದಂತೆ ಒಂದು ಮಾತು ತಡೆದು ನಿಲ್ಲಿಸುತ್ತದೆ. ನಿನ್ನೆ ಅದು "ಕಾಯುವವನು" ಆಗಿದ್ದರೆ ಇವತ್ತು ಬೇರೆ ಇರುತ್ತದೆ. ಆ ತಡೆಯುವಿಕೆಗೇ ನಾನು ದಿನವೆಲ್ಲ ಕಾಯುವುದು. ಅದು ಬಂದಾಗ ಸಸಿ ಹಿಡಿದ ಕೈಯಲ್ಲೇ ಪ್ರಾರ್ಥನೆ ಆಗಿಹೋಗಿರುತ್ತದೆ.

ಹೊತ್ತು ಸಿಗುತ್ತಿಲ್ಲ ಎನ್ನುವ ಗೆಳತಿಯರಿಗೆ ನಾನು ಹೇಳುವುದಿಷ್ಟೆ: 117ರಿಂದ ಶುರುಮಾಡಿ. ಇಡೀ ಗ್ರಂಥದಲ್ಲಿ ಅತಿ ಚಿಕ್ಕದು, ಎರಡೇ ವಚನ, ಎಲ್ಲ ಜನಾಂಗಗಳನ್ನೂ ಸ್ತೋತ್ರಕ್ಕೆ ಕರೆಯುವಂಥದ್ದು. ಒಂದು ಹೊತ್ತಿನ ಅಡುಗೆ ಮುಗಿಯುವಷ್ಟರಲ್ಲಿ ಬರುತ್ತದೆ. ಆಮೇಲೆ ಮೂರು ವಚನದ 134, ಆಮೇಲೆ ಎಂಟು ವಚನದ 121. ಅಲ್ಲಿಂದ 120ರಿಂದ 134ರವರೆಗಿನ ಹದಿನೈದು ಯಾತ್ರೆಯ ಹಾಡುಗಳಿಗೆ ಕೈ ಹಾಕಿ. ಯೆರೂಸಲೇಮಿಗೆ ನಡೆದು ಹೋಗುವವರ ಹಾಡುಗಳು ಅವು. ನಡೆಯುತ್ತ ಹೇಳಲೆಂದೇ ಇದ್ದವು, ನಡೆಯುತ್ತಲೇ ಬರುತ್ತವೆ. ದಿನಕ್ಕೆ ಇನ್ನೊಂದು ತಾಸು ಸೇರಿಸಲು ನಮ್ಮಿಂದಾಗದು. ಇರುವ ತಾಸುಗಳಲ್ಲೇ ದೇವರು ನಮ್ಮ ಜೊತೆ ಗದ್ದೆಗಿಳಿಯಲು ಸಿದ್ಧನಿದ್ದಾನೆ. ಆತನ ಜೊತೆ ಆಡಲು ನಾಲ್ಕು ಮಾತು ನಮ್ಮ ಬಾಯಲ್ಲಿ ಇರಬೇಕು, ಅಷ್ಟೆ.