ಕಣದ ಹೊತ್ತು, ಆಟದ ಹೊತ್ತು

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ಪತಿಯನ್ನು ಎಚ್ಚರಿಸಿದ ಪ್ರಸಂಗವನ್ನು ಶರಣಬಂಧುಗಳು ಬಲ್ಲರು. ಅಕ್ಕಿಗೆ ಸಲ್ಲುವ ಈ ಅಳತೆ ಹೊತ್ತಿಗೂ ಸಲ್ಲುತ್ತದೆ. ಹಿರಿಯರು ಹಳಿಯುವ ಮೊಬೈಲ್ ಆಟದಲ್ಲಿಯೂ ಅದನ್ನು ಕಾಣಬಹುದು.

ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರರ ಮನೆಯ ತರುಣನೊಬ್ಬನಿಗೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಆಟದಲ್ಲಿ ಬಹಳ ಆಸಕ್ತಿ. ನಾಲ್ವರ ತಂಡ, ಒಬ್ಬ ಕಳಸದವನು, ಇಬ್ಬರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಬಾಲ್ಯಸ್ನೇಹಿತರು. ಅವರಲ್ಲೊಬ್ಬ ಮಗು ಮಲಗಿದ ಮೇಲೆ ಆಡುವವನಾದ್ದರಿಂದ ತುಟಿ ಬಿಚ್ಚುವುದಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಟವರೂ ಮೌನ. ಅಂದು ಆಟವೇ ಇಲ್ಲ. ನವೆಂಬರಿನಲ್ಲಿ ಅರೇಬಿಕಾ, ಜನವರಿಯಲ್ಲಿ ರೋಬಸ್ಟಾ ಕೊಯ್ಲು ಆರಂಭವಾದರೆ ಅರ್ಧ ಗಂಟೆಯ ದೊಡ್ಡ ಆಟ ನಿಂತು, ಹತ್ತು ನಿಮಿಷದೊಳಗೆ ಮುಗಿಯುವ ಚಿಕ್ಕ ಆಟವಷ್ಟೇ ಉಳಿಯುತ್ತದೆ. ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು, ಸಂಜೆ ಇಬ್ಬನಿ ಬೀಳುವ ಮುನ್ನ ಕಣದ ಕಾಫಿಯನ್ನು ಗುಡ್ಡೆ ಮಾಡಿ ಮುಚ್ಚಬೇಕು.

ಸರ್ಕಾರವೂ ಅಳತೆಯನ್ನು ಹುಡುಕದಿರಲಿಲ್ಲ. 2022ರ ಜುಲೈನಲ್ಲಿ ತಡೆಹಿಡಿಯಲಾದ ಈ ಆಟ 2023ರ ಮೇ ತಿಂಗಳಲ್ಲಿ ಮರಳಿದಾಗ, ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆಯ ಮಿತಿಯಿತ್ತು. ಆರು ಗಂಟೆ! ಕೊಯ್ಲಿನ ದಿನಗಳಲ್ಲಿ ಬೆಳೆಗಾರನಿಗೆ ಅಷ್ಟು ನಿದ್ರೆಯೇ ದುರ್ಲಭ.

ಇದಕ್ಕೂ ಮೊದಲು, 2009ರಿಂದ 2020ರ ಕೊನೆಯವರೆಗೆ, ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಎಂಬ ಕೃಷಿಯ ಆಟವೊಂದಿತ್ತು. ಅಲ್ಲಿ ಸ್ಟ್ರಾಬೆರಿ ನಾಲ್ಕು ಗಂಟೆಗೆ ಮಾಗುತ್ತಿತ್ತು. ತಡವಾಗಿ ಬಂದವನ ಬೆಳೆ ಒಣಗುತ್ತಿತ್ತು. ಆದುದರಿಂದ ಕಚೇರಿಗೆ ಹೋಗುವವರು ತಾವು ಮರಳುವ ಹೊತ್ತನ್ನು ಲೆಕ್ಕ ಹಾಕಿ ಬೆಳೆಯನ್ನು ಆರಿಸುತ್ತಿದ್ದರು. ಕಾಫಿಯೂ ಅಲ್ಲಿತ್ತು, ಇಬ್ಬನಿಯಿರಲಿಲ್ಲ, ಆಳುಗಳ ಕೊರತೆಯಿರಲಿಲ್ಲ. ಒಣಗಿದರೆ ಯಾರ ಮನೆಯ ಸಾಲವೂ ಬೆಳೆಯುತ್ತಿರಲಿಲ್ಲ.

ಜನವರಿಯ ಒಂದು ಸಂಜೆ ತರುಣನ ತಂಡ, ಅಪರೂಪಕ್ಕೆ ದೊಡ್ಡ ಆಟಕ್ಕಿಳಿದು, ಕೊನೆಯ ವೃತ್ತವನ್ನು ಮುಟ್ಟಿತ್ತು. “ಮಗಾ, ಮೋಡ ಕವೀತು, ಟಾರ್ಪಾಲು ಹೊದಿಸು ಬಾ” ಎಂದು ತಾಯಿ ಕಣದಿಂದ ಕೂಗಿದರು. ಒಣಗುತ್ತಿರುವ ಕಾಫಿ ನೆನೆದರೆ ಬೂಷ್ಟು ಹಿಡಿದು ಬೆಲೆ ಕುಸಿಯುತ್ತದೆ. ವರ್ಷದ ದುಡಿಮೆ ಒಂದು ಮಳೆಗೆ ಹೋಗುತ್ತದೆ. ಆತ ಫೋನನ್ನು ಜಗಲಿಯ ಮೇಲಿಟ್ಟು ಓಡಿದ. ಮೂವರೇ ಉಳಿದ ತಂಡ ಸೋತಿತು, ಸಿಟ್ಟಿನ ಮಾತುಗಳೂ ಬಂದವು. ಅವರ ಸಿಟ್ಟು ಅನ್ಯಾಯದ್ದೇನಲ್ಲ. ಜೊತೆಯಲ್ಲಿ ಆಡುವೆನೆಂದು ಕೊಟ್ಟ ಮಾತೂ ಒಂದು ಋಣವೇ. ಅಂದಿನಿಂದ ಆತ ಕೊಯ್ಲಿನ ತಿಂಗಳುಗಳಲ್ಲಿ ಮುಂದಾಳಾಗಿ ಆಡಲು ಒಪ್ಪುವುದಿಲ್ಲ. ಮೋಡ ಬಂದರೆ ಎದ್ದು ಹೋಗುವೆನೆಂದು ಆರಂಭದಲ್ಲಿಯೇ ಹೇಳಿಬಿಡುತ್ತಾನೆ.

ಮುಂದಿನ ವಾರ ಆತ ಮತ್ತೊಮ್ಮೆ ನಡುವೆಯೇ ಎದ್ದು ಹೋದ. ಕಣ ಮುಚ್ಚಿ, ಕೈ ಒರೆಸಿಕೊಂಡು ಫೋನನ್ನು ನೋಡಿದಾಗ ಬೆಂಗಳೂರಿನಿಂದ ಒಂದು ಸಂದೇಶವಿತ್ತು: “ಕಾಫಿ ನೆನೆಯಿತೇನೋ?”